ಗಡಿ ದಾಟಿ ಬಂದವರಿಗೆ ಮದ್ದು ಮುಟ್ಟಿಸುವುದು ಹೇಗೆ? ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಭೂಕಂಪವಾಗಲಿ ಬರವಾಗಲಿ, ಊರಲ್ಲಿ ಇರಲಾಗದು ಅನ್ನಿಸಿದಾಗ ಜನ ಹತ್ತಿರದ ಗಡಿಯತ್ತ ನಡೆಯುತ್ತಾರೆ. ಆಚೆ ದಡದಲ್ಲಿ ಅವರಿಗೆ ಚಿಕಿತ್ಸೆ ಸಿಗುವುದು ಹೇಗೆ ಎಂದು ಕೇಳಿ ಈ ತಿಂಗಳು ಸಾಕಷ್ಟು ಪತ್ರಗಳು ಬಂದಿವೆ. ಶಸ್ತ್ರಚಿಕಿತ್ಸೆ, ಔಷಧ ಸಾಗಣೆ, ಸಾಂಕ್ರಾಮಿಕ ರೋಗ ಈ ಮೂರನ್ನೂ ಬಲ್ಲವರು ಸೇರಿ ಉತ್ತರ ಬರೆದಿದ್ದಾರೆ.

ನಮ್ಮ ತಾಲ್ಲೂಕಿನ ಔಷಧ ವ್ಯಾಪಾರಿಗಳು ಸೇರಿ ಮಾತ್ರೆ, ಟಾನಿಕ್, ಬ್ಯಾಂಡೇಜು ಒಟ್ಟುಮಾಡಿದ್ದೇವೆ. ಹನ್ನೆರಡು ರಟ್ಟಿನ ಪೆಟ್ಟಿಗೆ ತುಂಬಿದೆ. ಬೇರೆ ದೇಶದ ಶಿಬಿರದಲ್ಲಿರುವ ಸಂತ್ರಸ್ತರಿಗೆ ಕಳಿಸುವುದು ಹೇಗೆ?
– ಔಷಧ ಅಂಗಡಿ ಮಾಲೀಕರು, ಸಾಗರ

ಕಳಿಸಬೇಡಿ. ಮಾತು ಖಾರ ಅನ್ನಿಸಬಹುದು, ಆದರೆ ಯಾರೂ ಕೇಳದೆ ಬಂದ ಔಷಧ ಅಲ್ಲಿನವರಿಗೆ ಹೊರೆ. 1988ರ ಅರ್ಮೇನಿಯಾ ಭೂಕಂಪದ ನಂತರ ಸುಮಾರು 5,000 ಟನ್ ಔಷಧ ಮತ್ತು ಸಾಮಗ್ರಿ ಬಂದು ಬಿತ್ತು. ಅದರಲ್ಲಿ ಏನೇನಿದೆ ಎಂದು ತಿಳಿಯಲು 50 ಜನರಿಗೆ ಆರು ತಿಂಗಳು ಹಿಡಿಯಿತು. ಬೋಸ್ನಿಯಾಕ್ಕೆ 1992ರಿಂದ 1996ರವರೆಗೆ ಬಂದ ಔಷಧದಲ್ಲಿ ಸುಮಾರು 17,000 ಟನ್ ಬಳಸಲು ಬಾರದ್ದು ಎಂದು ಅಂದಾಜಾಯಿತು. 2004ರ ಸುನಾಮಿಯ ನಂತರ ಇಂಡೊನೇಷ್ಯಾದ ‘ಆಚೆ’ ಎಂಬ ಹೆಸರಿನ ಪ್ರಾಂತ್ಯಕ್ಕೆ ಬಂದದ್ದು 4,000 ಟನ್. ಅದರ ಶೇ 60ರಷ್ಟು ಆ ದೇಶದ ಅಗತ್ಯ ಔಷಧಗಳ ಪಟ್ಟಿಯಲ್ಲೇ ಇರಲಿಲ್ಲ. ಶೇ 70ರಷ್ಟರ ಲೇಬಲ್ಲು ಅಲ್ಲಿನವರಿಗೆ ಓದಲು ಬಾರದ ಭಾಷೆಯಲ್ಲಿತ್ತು. ಇಂಥ ಔಷಧವನ್ನು ಸುಟ್ಟು ಹಾಕಲೂ ಹಣ ಬೇಕು, ಗೋದಾಮೂ ಬೇಕು. ಗಡಿಯ ಊರುಗಳಲ್ಲಿ ಇರುವುದೇ ಒಂದೋ ಎರಡೋ ಗೋದಾಮು. ಅದು ಬೇಡದ ಟಾನಿಕ್ಕಿನಿಂದ ತುಂಬಿದರೆ ಸಲೈನು ಬಿಸಿಲಿನಲ್ಲಿ ನಿಲ್ಲುತ್ತದೆ.

ಕಳಿಸುವ ಕ್ರಮ ಹೀಗಿದೆ. ಮೊದಲು ಅಲ್ಲಿ ಕೆಲಸ ಮಾಡುತ್ತಿರುವ ಆಸ್ಪತ್ರೆಯಿಂದಲೋ ಸಂಸ್ಥೆಯಿಂದಲೋ ಬರಹದಲ್ಲಿ ಪಟ್ಟಿ ಬರಬೇಕು. ಅಲ್ಲಿಗೆ ತಲುಪುವ ದಿನಕ್ಕೆ ಔಷಧದ ಅವಧಿ ಕನಿಷ್ಠ ಒಂದು ವರ್ಷ ಉಳಿದಿರಬೇಕು. ರೋಗಿಗಳು ಮರಳಿಸಿದ ಮಾತ್ರೆ, ಕಂಪನಿಯವರು ಕೊಟ್ಟ ಸ್ಯಾಂಪಲ್ಲು, ಕತ್ತರಿಸಿದ ಸ್ಟ್ರಿಪ್ಪು ಯಾವುದೂ ಸಲ್ಲದು. ಲೇಬಲ್ಲಿನ ಮೇಲೆ ಬ್ರ್ಯಾಂಡಿನ ಹೆಸರಿಗಿಂತ ಮುಖ್ಯವಾಗಿ ಔಷಧದ ಮೂಲ ಹೆಸರು, ಶಕ್ತಿ, ಬ್ಯಾಚ್ ಸಂಖ್ಯೆ, ಅವಧಿ ಇರಬೇಕು. ಔಷಧದ ಪೆಟ್ಟಿಗೆಯೊಳಗೆ ಕಂಬಳಿ, ಬಿಸ್ಕತ್ತು ತುರುಕಬಾರದು. ಬೆರಕೆ ಪೆಟ್ಟಿಗೆ ಕಂಡರೆ ಕಸ್ಟಮ್ಸಿನವರು ಇಡೀ ಲಾರಿಯನ್ನು ಇಳಿಸಿ ನೋಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ನಿಯಮದಂತೆ ಒಂದು ಪೆಟ್ಟಿಗೆ 50 ಕೆ.ಜಿ. ಮೀರಬಾರದು. ಆದರೆ ಕೊನೆಯ ದಾರಿಯಲ್ಲಿ ಅದನ್ನು ಹೊರುವುದು ಮನುಷ್ಯನೇ, ಆದ್ದರಿಂದ 20-25 ಕೆ.ಜಿ.ಗೆ ನಿಲ್ಲಿಸುವುದು ಒಳ್ಳೆಯದು. ಪ್ರತಿ ಪೆಟ್ಟಿಗೆಗೂ ಸಂಖ್ಯೆ ಹಾಕಿ. ಒಳಗಿನ ಪಟ್ಟಿಯ ಒಂದು ಪ್ರತಿ ಪೆಟ್ಟಿಗೆಯಲ್ಲಿರಲಿ, ಇನ್ನೊಂದು ಚಾಲಕನ ಕೈಯಲ್ಲಿರಲಿ, ಮೂರನೆಯದು ಲಾರಿಗಿಂತ ಮೊದಲೇ ಆಚೆ ತಲುಪಿರಲಿ.

ನಿಮ್ಮ ಹನ್ನೆರಡು ಪೆಟ್ಟಿಗೆಯಲ್ಲಿ ಒಡೆಯದ, ಅವಧಿಯುಳ್ಳ ಮಾಲನ್ನು ಸಗಟು ವ್ಯಾಪಾರಿಗೆ ಮರಳಿಸಿ, ಆ ಹಣ ಕಳಿಸಿ. ಹೀಗೆ ಗಡಿಗೆ ಹೋಗಬೇಕಾದ್ದು ಏನು ಎಂಬುದು ಮೊದಲೇ ನಿಗದಿಯಾಗಿದೆ. ಅಂತರಸಂಸ್ಥೆ ತುರ್ತು ಆರೋಗ್ಯ ಕಿಟ್ ಎಂಬುದೊಂದಿದೆ, 10,000 ಜನರಿಗೆ ಮೂರು ತಿಂಗಳಿಗೆಂದು ಲೆಕ್ಕ ಹಾಕಿದ್ದು, ತೂಕ ಸುಮಾರು ಒಂದು ಟನ್. ಅದರೊಳಗೆ ತಲಾ 1,000 ಜನರಿಗಾಗುವ ಹತ್ತು ಸಣ್ಣ ಘಟಕಗಳಿವೆ. ಇವನ್ನು ಬಿಡಿಸಿ ಹತ್ತು ಕಡೆ ಕಳಿಸಬಹುದು, ದಾದಿಯರೂ ಆರೋಗ್ಯ ಕಾರ್ಯಕರ್ತರೂ ಬಳಸಬಹುದು. ವೈದ್ಯರಿಗೆಂದೇ ಇನ್ನೊಂದು ದೊಡ್ಡ ಘಟಕವಿದೆ. ಕಿಟ್ಟಿನಲ್ಲಿ ಲಸಿಕೆ ಇರುವುದಿಲ್ಲ. ಎಷ್ಟೋ ತಂಡಗಳು ಇದನ್ನು ಅಲ್ಲಿ ತಲುಪಿದ ಮೇಲೆ ಕಂಡುಕೊಳ್ಳುತ್ತವೆ.

2010ರ ಹೈಟಿ ಭೂಕಂಪದಲ್ಲಿ ಗಾಯಾಳುಗಳು ಪಕ್ಕದ ದೇಶಕ್ಕೆ ಹೋದರಂತೆ. ಅಲ್ಲಿನ ಸಣ್ಣ ಊರೊಂದು ಅಷ್ಟು ಜನರನ್ನು ಹೇಗೆ ನಿಭಾಯಿಸಿತು? ವೈದ್ಯಕೀಯವಾಗಿ ಕಷ್ಟವಾದದ್ದು ಯಾವುದು?
– ಎಂಬಿಬಿಎಸ್ ವಿದ್ಯಾರ್ಥಿನಿ, ಹುಬ್ಬಳ್ಳಿ

ಆ ಊರು ಹಿಮಾನಿ, ಕೆಲವರು ಜಿಮಾನಿ ಎಂದೂ ಬರೆಯುತ್ತಾರೆ. ಡೊಮಿನಿಕನ್ ರಿಪಬ್ಲಿಕ್‌ನ ಗಡಿಯಂಚಿನಲ್ಲಿದೆ. ಭೂಕಂಪವಾದದ್ದು 2010ರ ಜನವರಿ 12ರ ಸಂಜೆ, ತೀವ್ರತೆ 7.0, ಕೇಂದ್ರ ರಾಜಧಾನಿ ಪೋರ್ಟ್ ಔ ಪ್ರಿನ್ಸ್‌ನಿಂದ ಸುಮಾರು 25 ಕಿ.ಮೀ. ಪಶ್ಚಿಮಕ್ಕೆ. ರಾಜಧಾನಿಯ ಆಸ್ಪತ್ರೆಗಳು ಬಿದ್ದವು, ಬಂದರು ಮುರಿಯಿತು, ವಿಮಾನ ನಿಲ್ದಾಣಕ್ಕಿದ್ದದ್ದು ಒಂದೇ ರನ್‌ವೇ. ಉಳಿದದ್ದು ಪೂರ್ವಕ್ಕೆ ಹೋಗುವ ರಸ್ತೆ: ಮಾಲ್‌ಪಾಸ್ ಗಡಿಠಾಣೆ ದಾಟಿದರೆ ಹಿಮಾನಿ. ಒಂದು ಮಗ್ಗುಲಲ್ಲಿ ಸುಣ್ಣಕಲ್ಲಿನ ಗುಡ್ಡ, ಇನ್ನೊಂದು ಮಗ್ಗುಲಲ್ಲಿ ಅಝುಯಿ ಸರೋವರ. ಗಾಯಾಳುಗಳು ಪಿಕಪ್ ಗಾಡಿಯಲ್ಲಿ, ಕಿತ್ತ ಬಾಗಿಲ ಹಲಗೆಯ ಮೇಲೆ ಮಲಗಿ ಅದೇ ರಸ್ತೆಯಲ್ಲಿ ಬಂದರು. ನೆರವಿನ ಲಾರಿಗಳೂ ಎದುರಿನಿಂದ ಅದೇ ರಸ್ತೆಯಲ್ಲೇ ಹೊರಟವು. ಹಿಮಾನಿಯಲ್ಲಿದ್ದದ್ದು ಒಂದು ಸಣ್ಣ ಸರ್ಕಾರಿ ಆಸ್ಪತ್ರೆ. ಅದು ತುಂಬಿದ ಮೇಲೆ ಊರಾಚೆಯ ಅನಾಥಾಲಯದ ಕಟ್ಟಡವೇ ಆಸ್ಪತ್ರೆಯಾಯಿತು. (2004ರ ಮೇ ತಿಂಗಳಲ್ಲಿ ಒಂದೇ ರಾತ್ರಿಯ ನೆರೆ ಇದೇ ಹಿಮಾನಿಯಲ್ಲಿ ನೂರಾರು ಜನರನ್ನು ಕೊಂದಿತ್ತು. ಆ ಊರಿಗೆ ಅನಾಹುತ ಹೊಸದಲ್ಲ.)

ವೈದ್ಯಕೀಯವಾಗಿ ಕಷ್ಟದ್ದು ಜಜ್ಜು ಗಾಯ. ಗೋಡೆಯಡಿ ಗಂಟೆಗಟ್ಟಲೆ ಸಿಕ್ಕಿಬಿದ್ದ ತೊಡೆಯ ಸ್ನಾಯು ಸತ್ತಿರುತ್ತದೆ. ಭಾರ ಎತ್ತಿದೊಡನೆ ಅದರೊಳಗಿನ ಪೊಟ್ಯಾಸಿಯಂ ಮತ್ತು ಮಯೋಗ್ಲೋಬಿನ್ ಎಂಬ ಸ್ನಾಯುವಿನ ಪ್ರೋಟೀನು ರಕ್ತಕ್ಕೆ ನುಗ್ಗುತ್ತವೆ. ಮೊದಲನೆಯದು ಹೃದಯ ನಿಲ್ಲಿಸುತ್ತದೆ, ಎರಡನೆಯದು ಮೂತ್ರಪಿಂಡ ಕೆಡಿಸುತ್ತದೆ. ಹೊರತೆಗೆದಾಗ ಮಾತಾಡುತ್ತಿದ್ದವನು ಗಡಿ ತಲುಪುವಷ್ಟರಲ್ಲಿ ಸಾಯುವುದು ಇದರಿಂದಲೇ. ಮದ್ದು ಸರಳ: ಭಾರ ಎತ್ತುವ ಮೊದಲೇ ಸಾದಾ ಸಲೈನು, ವಯಸ್ಕರಿಗೆ ಗಂಟೆಗೆ 1 ಲೀಟರ್, ಮಕ್ಕಳಿಗೆ ಪ್ರತಿ ಕೆ.ಜಿ.ಗೆ ಗಂಟೆಗೆ 15-20 ಮಿ.ಲೀ. ಎರಡು ಗಂಟೆಯ ನಂತರ ಅರ್ಧಕ್ಕೆ ಇಳಿಸಿ ಮೂತ್ರ ಎಷ್ಟು ಬರುತ್ತಿದೆ ಎಂದು ಅಳೆಯಬೇಕು. ಮೂತ್ರ ಬಾರದಿದ್ದರೂ ಸಲೈನು ಸುರಿಯುತ್ತ ಹೋದರೆ ಶ್ವಾಸಕೋಶದಲ್ಲಿ ನೀರು ನಿಲ್ಲುತ್ತದೆ. ಅಂಥವರಿಗೆ ಡಯಾಲಿಸಿಸ್ ಇರುವ ದೊಡ್ಡ ಊರೇ ಗತಿ. ಹಿಮಾನಿಯಿಂದ ಸಾಂತೋ ದೊಮಿಂಗೊಗೆ ರಸ್ತೆಯಲ್ಲಿ ನಾಲ್ಕೈದು ಗಂಟೆಯ ದಾರಿ. ಯಾರನ್ನು ಮೊದಲು ಕಳಿಸಬೇಕೆಂದು ತೀರ್ಮಾನಿಸುವಾಗ ಮುರಿದ ಮೂಳೆಗಿಂತ ಮೂತ್ರದ ಬಣ್ಣ ಹೆಚ್ಚು ಹೇಳುತ್ತದೆ. ಕಾಫಿ ಕಷಾಯದ ಬಣ್ಣ ಕಂಡರೆ ತಡಮಾಡಬಾರದು.

ಇಲ್ಲಿ ಒಂದು ಎಚ್ಚರ. ಜಜ್ಜು ಗಾಯಕ್ಕೆ ರಿಂಗರ್ ಲ್ಯಾಕ್ಟೇಟ್ ಎಂಬ ಇನ್ನೊಂದು ಲವಣದ ಡ್ರಿಪ್ಪು ಕೊಡಬಾರದು, ಅದರಲ್ಲಿ ಪೊಟ್ಯಾಸಿಯಂ ಇದೆ. ಆದರೆ ಕಾಲರಾಕ್ಕೆ ಅದೇ ಉತ್ತಮ ಡ್ರಿಪ್ಪು, ಸಾದಾ ಸಲೈನು ಅಲ್ಲಿ ಎರಡನೆಯ ಆಯ್ಕೆ. ಹೈಟಿಯಲ್ಲಿ ಜನವರಿಗೆ ಒಂದು ಬೇಕಿತ್ತು, ಅಕ್ಟೋಬರಿನಲ್ಲಿ ಕಾಲರಾ ಶುರುವಾದಾಗ ಇನ್ನೊಂದು. ಎರಡೂ ಚೀಲ ನೋಡಲು ಒಂದೇ ತರಹ. ಗೋದಾಮಿನಲ್ಲಿ ಎರಡನ್ನೂ ಒಂದೇ ರಾಶಿ ಹಾಕಿದರೆ ರಾತ್ರಿ ಪಾಳಿಯ ದಾದಿ ಕತ್ತಲಲ್ಲಿ ಯಾವುದನ್ನು ಎತ್ತುತ್ತಾಳೋ ಹೇಳಲಾಗದು.

ಗಾಯದ ವಿಷಯಕ್ಕೆ ಬಂದರೆ, ಕೊಳೆಯಾದ ಗಾಯವನ್ನು ಮೊದಲ ದಿನವೇ ಹೊಲಿಯುವುದು ಅತಿ ಸಾಮಾನ್ಯವಾದ ತಪ್ಪು. ಚೆನ್ನಾಗಿ ತೊಳೆದು, ಸತ್ತ ಮಾಂಸ ಕತ್ತರಿಸಿ, ಸಡಿಲವಾಗಿ ಗಾಜ್ ಹಾಸಿ ತೆರೆದಿಡಬೇಕು. ನಾಲ್ಕೈದು ದಿನಕ್ಕೆ ಶುದ್ಧವಾಗಿ ಕಂಡರೆ ಹೊಲಿಗೆ. ಹೊಲಿಗೆ ಹಾಕಿದ ಗಾಯ ಬಿಚ್ಚಿ ಕೀವು ತೆಗೆಯುವುದರಲ್ಲೇ ಎರಡನೆಯ ವಾರ ಕಳೆಯುತ್ತದೆ. ಧನುರ್ವಾಯುವಿನ ಲಸಿಕೆಯನ್ನು ಎಂದೂ ಹಾಕಿಸದವರಿಗೆ ಈಗ ಹಾಕಿದ ಲಸಿಕೆ ತಕ್ಷಣ ಕಾಪಾಡುವುದಿಲ್ಲ. ಜೊತೆಗೆ ಸಿದ್ಧ ಪ್ರತಿಕಾಯಗಳ ಮದ್ದಾದ ಇಮ್ಯುನೊಗ್ಲೋಬ್ಯುಲಿನ್ 250 ಯೂನಿಟ್ ಬೇರೆ ಜಾಗಕ್ಕೆ ಚುಚ್ಚಬೇಕು, ಗಾಯವಾಗಿ 24 ಗಂಟೆ ದಾಟಿದ್ದರೆ 500. ಎಲ್ಲರೂ ಲಸಿಕೆ ತರುತ್ತಾರೆ, ಇದನ್ನು ತರಲು ಮರೆಯುತ್ತಾರೆ.

ಪ್ಲಾಸ್ಟರ್ ಬಗ್ಗೆ: ಮುಂದಿನ ಊರಿಗೆ ಗಂಟೆಗಟ್ಟಲೆ ಪ್ರಯಾಣ ಮಾಡುವವರಿಗೆ ಸುತ್ತಲೂ ಮುಚ್ಚಿದ ಪ್ಲಾಸ್ಟರ್ ಹಾಕಬೇಡಿ. ಒಳಗೆ ಬಾವು ಏರಿ ರಕ್ತ ನಿಂತುಹೋಗುತ್ತದೆ. ಹಿಂಬದಿಗೆ ಅರ್ಧ ಪ್ಲಾಸ್ಟರ್ ಸಾಕು. ಅದರ ಮೇಲೇ ಮಾರ್ಕರಿನಲ್ಲಿ ಗಾಯವಾದ ದಿನ, ಪ್ಲಾಸ್ಟರ್ ಹಾಕಿದ ದಿನ, ಮೂಳೆ ಮುರಿದಿರುವ ಚಿತ್ರ ಬರೆಯಿರಿ. ಕಾಗದದ ಚೀಟಿ ಗಡಿಯಲ್ಲೇ ಕಳೆದುಹೋಗುತ್ತದೆ, ಪ್ಲಾಸ್ಟರ್ ರೋಗಿಯ ಜೊತೆ ಹೋಗುತ್ತದೆ. ರೋಗಿಗಳ ಮಾತು ಹೈಟಿಯ ಕ್ರಿಯೋಲ್, ಊರಿನದು ಸ್ಪ್ಯಾನಿಷ್, ಬಂದ ಎಷ್ಟೋ ತಂಡಗಳದು ಇಂಗ್ಲಿಷ್. ಕಾಲು ಕತ್ತರಿಸಲು ಒಪ್ಪಿಗೆ ಕೇಳುವ ಮಾತನ್ನು ಎರಡು ಭಾಷಾಂತರ ದಾಟಿಸಿ ಕೇಳುವುದೆಂದರೆ ಏನು ಎಂದು ಯೋಚಿಸಿ. ಆ ಭೂಕಂಪದಲ್ಲಿ ಕೈಕಾಲು ಕತ್ತರಿಸಿಕೊಂಡವರು 2,000ದಿಂದ 4,000 ಎಂಬ ಅಂದಾಜಿದೆ. ಶಸ್ತ್ರಚಿಕಿತ್ಸಕರಷ್ಟೇ ದುಭಾಷಿಗಳೂ ಬೇಕು ಎನ್ನುವುದು ಅದಕ್ಕೇ.

ಮಾರ್ಫಿನ್, ಕೆಟಮಿನ್, ಡಯಾಜೆಪಾಂ ಇಲ್ಲದೆ ಶಸ್ತ್ರಚಿಕಿತ್ಸೆ ಆಗದು. ಇವನ್ನು ಗಡಿ ದಾಟಿಸಿದರೆ ಪೊಲೀಸರು ಹಿಡಿಯುವುದಿಲ್ಲವೆ?
– ಅರಿವಳಿಕೆ ವಿಭಾಗದ ಸ್ಟಾಫ್ ನರ್ಸ್, ಮಂಗಳೂರು

ಹಿಡಿಯುತ್ತಾರೆ, ಹಿಡಿಯಬೇಕಾದದ್ದೂ ಹೌದು. ಮಾರ್ಫಿನ್ ಮಾದಕವಸ್ತುಗಳ ಕುರಿತ 1961ರ ಅಂತರರಾಷ್ಟ್ರೀಯ ಒಪ್ಪಂದದಡಿ ಬರುತ್ತದೆ, ಡಯಾಜೆಪಾಂ ಮತ್ತು ಫಿನೋಬಾರ್ಬಿಟಾಲ್ ಮನೋಪರಿಣಾಮಿ ಔಷಧಗಳ ಕುರಿತ 1971ರ ಒಪ್ಪಂದದಡಿ. ಮಾಮೂಲಿ ದಿನಗಳಲ್ಲಿ ಮಾರ್ಫಿನ್‌ಗೆ ಕಳಿಸುವ ದೇಶದ ರಫ್ತು ಪರವಾನಗಿಯೂ ಬೇಕು, ಪಡೆಯುವ ದೇಶದ ಆಮದು ಪರವಾನಗಿಯೂ ಬೇಕು. ಭೂಕಂಪವಾದ ದೇಶದಲ್ಲಿ ಆಮದು ಪರವಾನಗಿ ಕೊಡುವ ಕಚೇರಿಯೇ ನಿಂತಿಲ್ಲದಿರಬಹುದು. ಅದಕ್ಕೆಂದೇ 1996ರಲ್ಲಿ ಅಂತರರಾಷ್ಟ್ರೀಯ ಮಾದಕವಸ್ತು ನಿಯಂತ್ರಣ ಮಂಡಳಿ ಮತ್ತು ವಿಶ್ವ ಆರೋಗ್ಯ ಸಂಸ್ಥೆ ಸೇರಿ ತುರ್ತು ಮಾದರಿಯೊಂದನ್ನು ಮಾಡಿದವು. ಗುರುತಿಸಲ್ಪಟ್ಟ ನೆರವು ಸಂಸ್ಥೆ ಒಂದೇ ನಮೂನೆಯಲ್ಲಿ ಯಾವ ಔಷಧ, ಎಷ್ಟು, ಯಾರಿಗೆ, ಯಾವ ಅನಾಹುತಕ್ಕೆ, ಅಲ್ಲಿ ಜವಾಬ್ದಾರರು ಯಾರು ಎಂದು ಬರೆದು ಕೊಡುತ್ತದೆ. ಕಳಿಸುವ ದೇಶ ಆಮದು ಪತ್ರ ಕಾಯದೆ ಬಿಡಬಹುದು, ಲೆಕ್ಕ ಆಮೇಲೆ ಮಂಡಳಿಗೆ ಹೋಗುತ್ತದೆ. ಇದು ಸಂಸ್ಥೆಗಳಿಗೆ ಇರುವ ದಾರಿ, ಬ್ಯಾಗಿನಲ್ಲಿ ಹತ್ತು ಆಂಪೂಲು ಇಟ್ಟುಕೊಂಡು ಹೊರಡುವ ವೈದ್ಯರಿಗಲ್ಲ.

ಕೆಟಮಿನ್ ಅಂತರರಾಷ್ಟ್ರೀಯ ಪಟ್ಟಿಯಲ್ಲಿಲ್ಲ, ಆದರೆ ಭಾರತದ ಕಾನೂನಿನಲ್ಲಿದೆ. ನಮ್ಮ ದೇಶದಿಂದ ಇಂಥವನ್ನು ಹೊರಗೆ ಕಳಿಸಲು ಗ್ವಾಲಿಯರ್‌ನ ನಾರ್ಕಾಟಿಕ್ಸ್ ಕಮಿಷನರ್ ಕಚೇರಿಯ ಅನುಮತಿ ಬೇಕು. ಜಾಣತನ ಎಂದರೆ ನಿಯಂತ್ರಿತ ಔಷಧಗಳನ್ನು ಪ್ರತ್ಯೇಕ ಪೆಟ್ಟಿಗೆಯಲ್ಲಿ, ಪ್ರತ್ಯೇಕ ಕಾಗದದೊಂದಿಗೆ ಕಳಿಸುವುದು. ಒಂದು ಟನ್ ಕಿಟ್ಟಿನ ನಡುವೆ ಮಾರ್ಫಿನ್ ಸೇರಿಸಿದರೆ, ಅದಕ್ಕಾಗಿ ಪ್ಯಾರಸಿಟಮಾಲೂ ಗಡಿಯಲ್ಲೇ ಕೊಳೆಯುತ್ತದೆ.

ಸಿಂಧನೂರಿನ ಬಂಗಾಲಿ ಕ್ಯಾಂಪುಗಳ ಹಿರಿಯರು ಉಪ್ಪು-ಸಕ್ಕರೆ ನೀರಿನಿಂದ ಕಾಲರಾ ವಾಸಿಯಾದ ಮಾತು ಹೇಳುತ್ತಾರೆ. ನಿಜವೆ? ಆಗ ಕೊಟ್ಟ ನೀರಿಗೂ ಈಗಿನ ಪೊಟ್ಟಣಕ್ಕೂ ಏನು ವ್ಯತ್ಯಾಸ?
– ಪ್ರೌಢಶಾಲಾ ಶಿಕ್ಷಕರು, ರಾಯಚೂರು ಜಿಲ್ಲೆ

ನಿಜ, ಮತ್ತು ಅದು ವೈದ್ಯಕೀಯ ಚರಿತ್ರೆಯ ದೊಡ್ಡ ಪಾಠ. 1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಸುಮಾರು ಒಂದು ಕೋಟಿ ಜನ ಭಾರತಕ್ಕೆ ಬಂದರು. ಅದಕ್ಕೆ ಕಾರಣ ಯುದ್ಧ, ಪ್ರಕೃತಿ ವಿಕೋಪ ಅಲ್ಲ. ಆದರೂ ಗಡಿಯಲ್ಲಿ ಕಾಲರಾ ನಡೆದುಕೊಳ್ಳುವ ರೀತಿ ಒಂದೇ. ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಡಾ. ದಿಲೀಪ್ ಮಹಾಲನಬಿಸ್ ಅವರ ಎದುರು ಆಸ್ಪತ್ರೆಯ ನೆಲದ ತುಂಬ ರೋಗಿಗಳು, ಡ್ರಿಪ್ಪಿನ ಬಾಟಲಿ ಮುಗಿಯುತ್ತ ಬಂದಿತ್ತು. ಲೀಟರಿಗೆ ಗ್ಲೂಕೋಸ್ 22 ಗ್ರಾಂ, ಅಡುಗೆ ಉಪ್ಪು 3.5 ಗ್ರಾಂ, ಅಡುಗೆ ಸೋಡಾ 2.5 ಗ್ರಾಂ. ಇಷ್ಟನ್ನು ಕಲ್ಕತ್ತದಲ್ಲಿ ತೂಗಿ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಬಿಸಿ ಇಸ್ತ್ರಿಪೆಟ್ಟಿಗೆಯಿಂದ ಬಾಯಿ ಮುಚ್ಚಿ ಕಳಿಸಿದರು. ಶಿಬಿರದಲ್ಲಿ ನಲ್ಲಿ ಇರುವ ಡ್ರಮ್ಮಿನಲ್ಲಿ ಕಲಸಿಟ್ಟರು, ರೋಗಿಯ ಮನೆಯವರೇ ಹಿಡಿದು ತಂದು ಕುಡಿಸಿದರು. ಶೇ 30ರ ಆಸುಪಾಸಿನಲ್ಲಿದ್ದ ಸಾವು ಶೇ 3.6ಕ್ಕೆ ಇಳಿಯಿತು. ಗ್ಲೂಕೋಸ್ ಜೊತೆ ಇದ್ದರೆ ಕಾಲರಾ ಹಿಡಿದ ಕರುಳೂ ಸೋಡಿಯಂ ಹೀರಿಕೊಳ್ಳುತ್ತದೆ, ಸೋಡಿಯಂ ಹಿಂದೆ ನೀರೂ ಹೋಗುತ್ತದೆ. ಬರೀ ಉಪ್ಪಿನ ನೀರು ಕುಡಿಸಿದರೆ ಈ ಕೆಲಸ ಆಗದು.

2002ರಿಂದ ಬಳಕೆಯಲ್ಲಿರುವ ಓಆರ್‌ಎಸ್ ಪೊಟ್ಟಣದಲ್ಲಿ ಸೋಡಿಯಂ ಕ್ಲೋರೈಡ್ 2.6, ಗ್ಲೂಕೋಸ್ 13.5, ಪೊಟ್ಯಾಸಿಯಂ ಕ್ಲೋರೈಡ್ 1.5, ಟ್ರೈಸೋಡಿಯಂ ಸಿಟ್ರೇಟ್ 2.9, ಒಟ್ಟು 20.5 ಗ್ರಾಂ ಇರುತ್ತದೆ. ಅಡುಗೆ ಸೋಡಾ ತೇವಕ್ಕೆ ಹಳದಿಗಟ್ಟಿ ಕೆಡುತ್ತಿತ್ತು, ಸಿಟ್ರೇಟ್ ಬಾಳಿಕೆ ಬರುತ್ತದೆ. ತಪ್ಪು ಆಗುವುದು ಕಲಸುವಾಗ: ಲೀಟರಿನ ಪೊಟ್ಟಣವನ್ನು ಒಂದು ಲೋಟಕ್ಕೆ ಹಾಕುತ್ತಾರೆ. ಅದು ನೀರು ತುಂಬುವ ಬದಲು ಮಗುವಿನ ರಕ್ತದಲ್ಲಿ ಉಪ್ಪು ಏರಿಸುತ್ತದೆ. ಆದ್ದರಿಂದ ಪೊಟ್ಟಣದ ಜೊತೆ ಲೀಟರಿನ ಗುರುತಿರುವ ಪಾತ್ರೆಯನ್ನೂ ಕೊಡಬೇಕು. ಕಲಸಿದ್ದನ್ನು 24 ಗಂಟೆಯ ನಂತರ ಚೆಲ್ಲಬೇಕು.

ಶಿಬಿರಕ್ಕೆ ಕಾಲರಾ ಬರಬಹುದೆಂದು ಮೊದಲೇ ಎಷ್ಟು ಸಾಮಗ್ರಿ ಇಡಬೇಕು? ಲೆಕ್ಕ ಹೇಳಿ.
– ಆರೋಗ್ಯ ಇಲಾಖೆಯ ನಿವೃತ್ತ ನೌಕರರು, ದಾವಣಗೆರೆ

ಶಿಬಿರದಲ್ಲಿ ನೂರಕ್ಕೆ ಐದು ಜನರಿಗೆ ತಗುಲಬಹುದು ಎಂದು ಇಟ್ಟುಕೊಳ್ಳಿ. 10,000 ಜನರಲ್ಲಿ 500 ರೋಗಿಗಳು. ವಿಶ್ವ ಆರೋಗ್ಯ ಸಂಸ್ಥೆಯ ಹಳೆಯ, ಇನ್ನೂ ನೆಚ್ಚಬಹುದಾದ ಲೆಕ್ಕದಲ್ಲಿ 100 ರೋಗಿಗಳಿಗೆ ಓಆರ್‌ಎಸ್ 650 ಪೊಟ್ಟಣ, ರಿಂಗರ್ ಲ್ಯಾಕ್ಟೇಟ್ 120 ಲೀಟರ್ ಸೆಟ್ ಸಮೇತ, ಮೂಗಿನ ನಳಿಕೆ 3. ನೂರರಲ್ಲಿ ಇಪ್ಪತ್ತು ಜನ ತೀವ್ರ ನಿರ್ಜಲೀಕರಣಕ್ಕೆ ಒಳಗಾಗುತ್ತಾರೆ, ಒಬ್ಬೊಬ್ಬರಿಗೆ ಆರು ಲೀಟರ್ ಡ್ರಿಪ್ಪು ಎಂಬ ಊಹೆ ಇದರ ಹಿಂದಿದೆ. ನಿಮ್ಮ 500 ರೋಗಿಗಳಿಗೆ 3,250 ಪೊಟ್ಟಣ ಮತ್ತು 600 ಲೀಟರ್ ಡ್ರಿಪ್ಪು. ಈಗ ತೂಕ ನೋಡಿ: ಪೊಟ್ಟಣವೆಲ್ಲ ಸೇರಿ 70 ಕೆ.ಜಿ.ಯೊಳಗೆ, ಎರಡು ಮೋಟರ್‌ಸೈಕಲ್ಲಿಗೆ ಹೊರೆ. ಡ್ರಿಪ್ಪು 600 ಕೆ.ಜಿ. ದಾಟುತ್ತದೆ, ಲಾರಿಯೇ ಬೇಕು. ರಸ್ತೆ ಮುಚ್ಚಿದ ದಿನ ಮೋಟರ್‌ಸೈಕಲ್ ಮುಟ್ಟುತ್ತದೆ, ಲಾರಿ ಮುಟ್ಟುವುದಿಲ್ಲ. ಮೊದಲು ಪೊಟ್ಟಣ ಕಳಿಸಿ ಎನ್ನುವುದು ಈ ಕಾರಣಕ್ಕೆ.

ಡ್ರಿಪ್ಪು ಹಾಕುವ ವೇಗದಲ್ಲಿ ಹೊಸಬರು ಅಂಜುತ್ತಾರೆ. ತೀವ್ರ ಸ್ಥಿತಿಯಲ್ಲಿ ಪ್ರತಿ ಕೆ.ಜಿ.ಗೆ 30 ಮಿ.ಲೀ. ಅರ್ಧ ಗಂಟೆಯಲ್ಲಿ, ಆಮೇಲೆ 70 ಮಿ.ಲೀ. ಎರಡೂವರೆ ಗಂಟೆಯಲ್ಲಿ. 50 ಕೆ.ಜಿ. ತೂಗುವವರಿಗೆ ಅರ್ಧ ಗಂಟೆಯಲ್ಲೇ ಒಂದೂವರೆ ಲೀಟರ್, ಮೂರು ಗಂಟೆಗೆ ಒಟ್ಟು ಐದು ಲೀಟರ್. ಒಂದು ವರ್ಷದೊಳಗಿನ ಕೂಸಿಗೆ ಅಷ್ಟೇ ಪ್ರಮಾಣ, ಆದರೆ ಒಂದು ಗಂಟೆ ಮತ್ತು ಐದು ಗಂಟೆಯಲ್ಲಿ. ಸೂಜಿ ಸಣ್ಣದಿದ್ದರೆ ಈ ವೇಗ ಬಾರದು, ಎರಡು ಕೈಗೂ ಹಾಕಬೇಕು. ಕುಡಿಯಲು ಶಕ್ತಿ ಬಂದೊಡನೆ ಓಆರ್‌ಎಸ್ ಶುರು. ಆದರೆ ತೀವ್ರವಾಗಿ ಬಡಕಲಾದ ಮಗುವಿಗೆ ಈ ಲೆಕ್ಕ ಸಲ್ಲದು, ಹೃದಯ ತಾಳುವುದಿಲ್ಲ, ನಿಧಾನ ಬೇಕು.

ಹೈಟಿಯ ಕಾಲರಾ ಭೂಕಂಪದಿಂದ ಹುಟ್ಟಿದ್ದಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. 2010ರ ಅಕ್ಟೋಬರಿನಲ್ಲಿ ಅದು ಶುರುವಾದದ್ದು ಮಿರೆಬಲೆ ಬಳಿಯ ವಿಶ್ವಸಂಸ್ಥೆ ಶಾಂತಿಪಾಲಕರ ಶಿಬಿರದ ಕೊಳಚೆ ನದಿಗೆ ಸೇರಿದ್ದರಿಂದ. ಮುಂದಿನ ತಿಂಗಳೇ ಗಡಿಯಾಚೆ ಡೊಮಿನಿಕನ್ ರಿಪಬ್ಲಿಕ್‌ನಲ್ಲೂ ಕಂಡಿತು. ಒಟ್ಟು ಎಂಟು ಲಕ್ಷಕ್ಕೂ ಹೆಚ್ಚು ಜನರಿಗೆ ತಗುಲಿ ಒಂಬತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು. ವಿಶ್ವಸಂಸ್ಥೆ ಕ್ಷಮೆ ಕೇಳಿದ್ದು 2016ರ ಡಿಸೆಂಬರಿನಲ್ಲಿ. ನೆರವಿಗೆ ಬಂದವರ ಪಾಯಿಖಾನೆ ಎಲ್ಲಿಗೆ ಹರಿಯುತ್ತದೆ ಎಂಬ ಪ್ರಶ್ನೆಯನ್ನು ಅಂದಿನಿಂದ ಯಾರೂ ಸಣ್ಣದೆಂದು ತಳ್ಳಿಹಾಕುವುದಿಲ್ಲ.

ನೀರಿಗೆ ಬ್ಲೀಚಿಂಗ್ ಪೌಡರ್ ಎಷ್ಟು ಹಾಕಬೇಕು?
– ಗ್ರಾಮ ಪಂಚಾಯಿತಿ ವಾಟರ್‌ಮನ್, ಕಡೂರು

ಒಂದೇ ಅಳತೆ ಎಲ್ಲ ನೀರಿಗೂ ಹೊಂದದು. ಶೇ 30 ಕ್ಲೋರಿನ್ ಇರುವ ಪೌಡರ್ 33 ಗ್ರಾಂ ತೆಗೆದು ಒಂದು ಲೀಟರಿನಲ್ಲಿ ಕದಡಿ, ತಿಳಿ ತೆಗೆಯಿರಿ. ಇದು ಶೇ 1ರ ದ್ರಾವಣ. ನಾಲ್ಕು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ 20 ಲೀಟರಿನಂತೆ ನಿಮ್ಮ ನೀರು ತುಂಬಿ 1, 1.5, 2 ಮತ್ತು 5 ಮಿ.ಲೀ. ಹಾಕಿ ಅರ್ಧ ಗಂಟೆ ಬಿಡಿ. ಉಳಿದ ಕ್ಲೋರಿನ್ ಲೀಟರಿಗೆ 0.2ರಿಂದ 0.5 ಮಿ.ಗ್ರಾಂ. ತೋರಿಸುವ ಬಕೆಟ್ಟೇ ನಿಮ್ಮ ಅಳತೆ. ಅದು 2 ಮಿ.ಲೀ.ದಾಗಿದ್ದರೆ 10,000 ಲೀಟರಿನ ಟ್ಯಾಂಕಿಗೆ ದ್ರಾವಣ ಒಂದು ಲೀಟರ್. ಕೆಂಪು ಕದಡು ನೀರಾದರೆ ಮೊದಲು ಸ್ಫಟಿಕ (ಆಲಂ) ಹಾಕಿ ಕೆಸರು ಇಳಿಸಿ, ಇಲ್ಲದಿದ್ದರೆ ಕ್ಲೋರಿನ್ನನ್ನೆಲ್ಲ ಕೆಸರೇ ತಿನ್ನುತ್ತದೆ. ಬಾಯಿ ತೆರೆದ ಮೂಟೆ ಬಿಸಿಲಲ್ಲಿ ಬಿದ್ದಿದ್ದರೆ ಶೇ 30 ಎಂಬ ಅಚ್ಚಿನ ಮಾತು ನಂಬಬೇಡಿ.

ಬರದಿಂದ ಬಂದವರಿಗೆ ಅನ್ನದ ಮೊದಲು ದಡಾರದ ಲಸಿಕೆ ಹಾಕುತ್ತಾರೆಂದು ಓದಿದೆ. ಇದು ಯಾವ ನ್ಯಾಯ?
– ಗೃಹಿಣಿ, ಮೈಸೂರು

ಅನ್ನದ ಮೊದಲಲ್ಲ, ಅನ್ನದ ಜೊತೆಗೆ. 2011ರಲ್ಲಿ ಸೊಮಾಲಿಯಾದ ಬರ ಕ್ಷಾಮವಾಯಿತು. ಜುಲೈ 20ರಂದು ವಿಶ್ವಸಂಸ್ಥೆ ಹಾಗೆಂದು ಘೋಷಿಸುವಷ್ಟರಲ್ಲಿ ಜನ ಕೆನ್ಯಾದ ದಡಾಬ್‌ಗೂ ಇಥಿಯೋಪಿಯಾದ ದೊಲ್ಲೊ ಅಡೊಗೂ ನಡೆದು ಬಂದಾಗಿತ್ತು. 90,000 ಜನರಿಗೆಂದು ಮಾಡಿದ ದಡಾಬ್‌ನಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಜನ ತುಂಬಿದರು. ಅಲ್ಲೂ ದೊಲ್ಲೊ ಅಡೊದ ಕೋಬೆ ಶಿಬಿರದಲ್ಲೂ ದಡಾರ ಎದ್ದಿತು. ಹಸಿದ ಮೈಗೆ ದಡಾರ ತಗುಲಿದರೆ ನ್ಯುಮೋನಿಯಾ, ಭೇದಿ, ಕುರುಡು ಹಿಂದೆಯೇ ಬರುತ್ತವೆ. ಒಂದು ಮಗುವಿಗೆ ಬಂದರೆ ಗುಡಾರದ ಸಾಲಿಗೇ ಬರುತ್ತದೆ. ಸೊಮಾಲಿಯಾದಲ್ಲಿ ವರ್ಷಗಟ್ಟಲೆ ಲಸಿಕೆ ನಡೆದಿರದ ಕಾರಣ ದೊಡ್ಡವರಿಗೂ ತಗುಲಿತು. ಹದಿನೈದು ವರ್ಷದವರೆಗೆ ಎಂಬ ಮಾಮೂಲಿ ಗೆರೆಯನ್ನು ಆಗ ದಾಟಬೇಕಾಯಿತು.

ಲೆಕ್ಕ ಹೀಗೆ. 10,000 ಜನರಲ್ಲಿ ಆರು ತಿಂಗಳಿಂದ ಹದಿನೈದು ವರ್ಷದವರು ಸುಮಾರು 4,500. ಶೇ 15 ವ್ಯರ್ಥ ಸೇರಿಸಿದರೆ 5,300 ಡೋಸು, ಹತ್ತರ ಸೀಸೆಯಲ್ಲಿ 530. ಮೇಲೆ ಕಾಲು ಭಾಗ ಕಾದಿಟ್ಟದ್ದು, ಒಟ್ಟು ಸುಮಾರು 660 ಸೀಸೆ. ಲಸಿಕೆಯ ಪುಡಿ ಕಲಸುವ ದ್ರಾವಕ ಅಷ್ಟೇ ಸೀಸೆ, ಅಷ್ಟೇ ಕಲಸುವ ಸಿರಿಂಜು. ಲಸಿಕೆ ಬಂದು ದ್ರಾವಕ ಬರದಿದ್ದರೆ ಊಟಕ್ಕಿಲ್ಲದ ಉಪ್ಪಿನಕಾಯಿಯ ಕಥೆ. ಬೇರೆ ಲಸಿಕೆಯ ದ್ರಾವಕವೋ ಸಾದಾ ನೀರೋ ಬೆರೆಸುವಂತಿಲ್ಲ. ದ್ರಾವಕವನ್ನೂ ಮೊದಲು ತಂಪಾಗಿಸಬೇಕು. ಕಲಸಿದ ಸೀಸೆ ಆರು ಗಂಟೆಯ ನಂತರ ಕಸಕ್ಕೆ. ಹಳೆಯ ಸೀಸೆ ಉಳಿಸಿಕೊಂಡು ಮರುದಿನ ಚುಚ್ಚಿದಲ್ಲಿ ಮಕ್ಕಳು ಸತ್ತ ಪ್ರಸಂಗಗಳಿವೆ. ಬಳಸಿದ ಸೂಜಿಗೆ ನೂರು ಹಿಡಿಯುವ ಸುರಕ್ಷಾ ಡಬ್ಬಿ 60 ಇಟ್ಟುಕೊಳ್ಳಿ. ಇಲ್ಲಿ ಹೇಳಿದ ಲಸಿಕೆಗಳಿಗೆ ತಂಪು 2ರಿಂದ 8 ಡಿಗ್ರಿ, ಆದರೆ ಧನುರ್ವಾಯುವಿನ ಲಸಿಕೆ ಹೆಪ್ಪುಗಟ್ಟಿದರೆ ಕೆಟ್ಟಿತು. ಐಸ್‌ಪ್ಯಾಕಿಗೆ ಅಂಟಿಸಿ ಇಡಬೇಡಿ. ಹೆರಿಗೆಯ ರಕ್ತಸ್ರಾವ ನಿಲ್ಲಿಸುವ ಆಕ್ಸಿಟೋಸಿನ್ ಕೂಡ ಇದೇ ತಂಪಿಗೆ ಸೇರಿದ್ದು, ಅದನ್ನು ಮಾತ್ರೆಗಳ ಕಪಾಟಿನಲ್ಲಿಟ್ಟು ಕೆಡಿಸುವವರೇ ಹೆಚ್ಚು.

ಲಸಿಕೆಯ ಸಾಲಿನಲ್ಲೇ ವಿಟಮಿನ್ ಎ ಕೊಡುತ್ತಾರೆ: ಆರರಿಂದ ಹನ್ನೊಂದು ತಿಂಗಳಿಗೆ 1 ಲಕ್ಷ ಯೂನಿಟ್, ಒಂದರಿಂದ ಐದು ವರ್ಷಕ್ಕೆ 2 ಲಕ್ಷ. ತೋಳಿನ ಸುತ್ತಳತೆ 115 ಮಿ.ಮೀ.ಗಿಂತ ಕಡಿಮೆ ಕಂಡ ಮಗುವನ್ನು ಅಲ್ಲೇ ಬೇರೆ ಮಾಡಿ, 92 ಗ್ರಾಂಗೆ 500 ಕ್ಯಾಲೊರಿ ಕೊಡುವ ಕಡಲೆಕಾಯಿ ಪೇಸ್ಟಿನ ಪೊಟ್ಟಣಕ್ಕೆ ಹೆಸರು ಬರೆಸುತ್ತಾರೆ. ಹಾಗಾಗಿ ಅನ್ನ ಹಿಂದೆ ಬಿದ್ದಿಲ್ಲ.

ಅನಾಹುತದಿಂದ ಗಡಿ ದಾಟಿದವರನ್ನು ಕಾನೂನು ನಿರಾಶ್ರಿತರೆಂದು ಒಪ್ಪುತ್ತದೆಯೆ?
– ವಕೀಲರು, ಉಡುಪಿ

ನಿರಾಶ್ರಿತರ ಕುರಿತ 1951ರ ಅಂತರರಾಷ್ಟ್ರೀಯ ಒಪ್ಪಂದದಲ್ಲಿ ಭೂಕಂಪ, ಬರ ಎಂಬ ಮಾತಿಲ್ಲ, ಇರುವುದು ಕಿರುಕುಳದ ಭಯ. ಆಫ್ರಿಕಾದ 1969ರ ಒಪ್ಪಂದದ ವ್ಯಾಖ್ಯೆ ಅಗಲವಾದದ್ದು, ಸಾರ್ವಜನಿಕ ವ್ಯವಸ್ಥೆ ತೀವ್ರವಾಗಿ ಕದಡಿದ ಸಂದರ್ಭವನ್ನೂ ಒಳಗೊಳ್ಳುತ್ತದೆ. ಸೊಮಾಲಿಯಾದವರಿಗೆ ಅದು ನೆರವಾಯಿತು, ಹೈಟಿಯವರಿಗೆ ಅಂಥದ್ದಿರಲಿಲ್ಲ. ಡೊಮಿನಿಕನ್ ಸರ್ಕಾರ ಗಾಯಾಳುಗಳಿಗೆ ಗಡಿ ತೆರೆಯಿತು, ಗಡಿಪಾರು ನಿಲ್ಲಿಸಿತು. 2011ರ ಜನವರಿಯಲ್ಲಿ ಅದನ್ನು ಮತ್ತೆ ಶುರುಮಾಡಿತು. ಚಿಕಿತ್ಸೆಯ ದೃಷ್ಟಿಯಿಂದ ಇದರ ಪರಿಣಾಮ ನೇರ: ಹಿಡಿಯುತ್ತಾರೆಂಬ ಭಯ ಇರುವವರು ಕಾಲರಾ ಬಂದರೂ ಆಸ್ಪತ್ರೆಗೆ ಬರುವುದಿಲ್ಲ. ನೋಂದಣಿ ಮೇಜನ್ನೂ ಚಿಕಿತ್ಸಾ ಮೇಜನ್ನೂ ದೂರ ದೂರ ಇಡಿ ಎನ್ನುವುದು ಇದಕ್ಕೆ.

ಪೋಷಕರಿಲ್ಲದ ಗಾಯಾಳು ಮಗುವನ್ನು ಹೆಚ್ಚಿನ ಚಿಕಿತ್ಸೆಗೆ ಗಡಿಯಾಚೆ ಕೊಂಡೊಯ್ಯಲು ಕಾಗದ ಕಾಯಬೇಕೆ?
– ಅಂಗನವಾಡಿ ಮೇಲ್ವಿಚಾರಕಿ, ಕೋಲಾರ

ಪ್ರಾಣಕ್ಕೆ ಕುತ್ತಿದ್ದರೆ ಕಾಯಬೇಕಾಗಿಲ್ಲ, ಆದರೆ ಗುರುತಿಲ್ಲದೆ ಹೊರಡಿಸಬಾರದು. 2010ರ ಜನವರಿ ಕೊನೆಯಲ್ಲಿ ಅಮೆರಿಕದ ಹತ್ತು ಮಂದಿ ಸರಿಯಾದ ಕಾಗದವಿಲ್ಲದೆ 33 ಮಕ್ಕಳನ್ನು ಬಸ್ಸಿನಲ್ಲಿ ಹೈಟಿ ಗಡಿ ದಾಟಿಸಲು ಹೋಗಿ ಬಂಧನಕ್ಕೊಳಗಾದರು. ಅನಾಥರೆಂದುಕೊಂಡ ಆ ಮಕ್ಕಳಲ್ಲಿ ಹಲವರಿಗೆ ತಂದೆತಾಯಿ ಬದುಕಿದ್ದರು. ಮಗುವಿನ ಕೈಗೆ ಬಿಚ್ಚಲಾಗದ ಪಟ್ಟಿ ಕಟ್ಟಿ: ಹೆಸರು, ಸಿಕ್ಕ ಜಾಗ, ದಿನ, ಕರೆತಂದವರು. ಮುಖದ ಫೋಟೊ ತೆಗೆದು ಒಂದು ಪ್ರತಿಯನ್ನು ಮಗು ಹೊರಟ ಜಾಗದಲ್ಲೇ ಬಿಡಿ. ತಾಯಿ ಹುಡುಕಿಕೊಂಡು ಬರುವುದು ಅಲ್ಲಿಗೆ. ಜೊತೆಗೊಬ್ಬರು ಹೋಗಲಿ. ರೆಡ್‌ಕ್ರಾಸ್‌ನ ಕುಟುಂಬ ಹುಡುಕುವ ವಿಭಾಗಕ್ಕೆ ಅಂದೇ ತಿಳಿಸಿ.

ನಾನು ಮೂಳೆ ತಜ್ಞ. ಮುಂದಿನ ಸಲ ಇಂಥದ್ದೇನಾದರೂ ಆದರೆ ನೇರ ಹೊರಡಬೇಕೆಂದಿದ್ದೇನೆ. ಏನು ಸಿದ್ಧತೆ?
– ವೈದ್ಯರು, ಕಲಬುರಗಿ

ಒಬ್ಬರೇ ಹೊರಡಬೇಡಿ. ಹೈಟಿಯಲ್ಲಿ ಹೇಳದೆ ಕೇಳದೆ ಬಂದಿಳಿದ ತಂಡಗಳ ಗೊಂದಲ ನೋಡಿಯೇ ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ವಿದೇಶಿ ವೈದ್ಯ ತಂಡಗಳಿಗೆ ದರ್ಜೆ ಗೊತ್ತುಮಾಡಿತು. ಮೊದಲ ದರ್ಜೆಯ ಸ್ಥಿರ ತಂಡ ದಿನಕ್ಕೆ ಕನಿಷ್ಠ 100 ಹೊರರೋಗಿಗಳನ್ನು ನೋಡಬೇಕು. ಎರಡನೆಯದಕ್ಕೆ ಒಂದು ಶಸ್ತ್ರಚಿಕಿತ್ಸಾ ಮೇಜು, 20 ಹಾಸಿಗೆ, ದಿನಕ್ಕೆ 7 ದೊಡ್ಡ ಇಲ್ಲವೆ 15 ಸಣ್ಣ ಶಸ್ತ್ರಚಿಕಿತ್ಸೆ. ಮೂರನೆಯದಕ್ಕೆ ಎರಡು ಮೇಜು, 40 ಹಾಸಿಗೆ, ತೀವ್ರ ನಿಗಾ ಘಟಕ. ಎಲ್ಲರಿಗೂ ಸಾಮಾನ್ಯವಾದ ನಿಯಮವೆಂದರೆ ತಮ್ಮ ನೀರು, ಊಟ, ವಿದ್ಯುತ್ತು, ಶೌಚಾಲಯ ತಾವೇ ತರಬೇಕು. ನಿಮಗೊಂದು ಕ್ರಿಮಿಶುದ್ಧ ಯಂತ್ರ ಇಲ್ಲದಿದ್ದರೆ ನಿಮ್ಮ ಪ್ಲೇಟು, ಸ್ಕ್ರೂ ಮನೆಯಲ್ಲೇ ಇರಲಿ. ಅಲ್ಲಿ ಬೇಕಾಗುವುದು ಮುರಿದ ಮೂಳೆಯನ್ನು ಹೊರಗಿನಿಂದ ಹಿಡಿದಿಡುವ ಫಿಕ್ಸೇಟರು. ಅದರ ಸ್ಪ್ಯಾನರನ್ನೂ ಒಂದು ಬಿಟ್ಟು ಬನ್ನಿ, ಮುಂದೆ ಬಿಚ್ಚುವವರು ಬೇರೆ.

ದಾರಿಯನ್ನು ವಿಮಾನದ ಮೇಲೇ ನೆಚ್ಚಬೇಡಿ. 2015ರ ಏಪ್ರಿಲ್ 25ರ ನೇಪಾಳ ಭೂಕಂಪದ ನಂತರ ಕಠ್ಮಂಡುವಿನ ಒಂದೇ ರನ್‌ವೇ ಭಾರಿ ವಿಮಾನಗಳಿಂದ ಬಿರುಕು ಬಿಟ್ಟು, ಮೇ ಮೊದಲ ವಾರ ದೊಡ್ಡ ವಿಮಾನಗಳನ್ನೇ ನಿಲ್ಲಿಸಬೇಕಾಯಿತು. ಆಗ ಬಿಹಾರದಿಂದ ನೇಪಾಳಕ್ಕೆ ದಾಟುವ ರಕ್ಸೌಲ್-ಬೀರ್‌ಗಂಜ್ ರಸ್ತೆಯೇ ಆಧಾರವಾಯಿತು. ಗಾಯಾಳುಗಳು ಅದೇ ಗಡಿಗಳಿಂದ ಬಿಹಾರ, ಉತ್ತರ ಪ್ರದೇಶದ ಆಸ್ಪತ್ರೆಗಳಿಗೂ ಬಂದರು. ವೀಸಾ ಬೇಡದ ಗಡಿಯಾದ್ದರಿಂದ ಅವರನ್ನು ಯಾರೂ ನಿರಾಶ್ರಿತರೆಂದು ಎಣಿಸಲಿಲ್ಲ.

ವೈದ್ಯ ಮಂಡಳಿ ನೋಂದಣಿಯ ದೃಢೀಕೃತ ಪ್ರತಿ, ಪಾಸ್‌ಪೋರ್ಟು, ಧನುರ್ವಾಯು ಮತ್ತು ಹೆಪಟೈಟಿಸ್ ಬಿ ಲಸಿಕೆಯ ದಾಖಲೆ ಜೊತೆಗಿರಲಿ. ಕನಿಷ್ಠ ಮೂರು ವಾರ ಬಿಡುವು ಮಾಡಿಕೊಳ್ಳಿ. ನಾಲ್ಕು ದಿನಕ್ಕೆ ಬಂದವರು ಗಾಯ ತೆರೆದಿಟ್ಟು ಹೋಗಿಬಿಡುತ್ತಾರೆ, ಐದನೆಯ ದಿನ ಹೊಲಿಯುವವರು ಯಾರು? ಹೊರಡುವಾಗ ಪ್ರತಿ ರೋಗಿಯ ಒಂದು ಪುಟದ ವಿವರವನ್ನು ಆ ಊರಿನ ಆಸ್ಪತ್ರೆಗೆ ಅವರ ಭಾಷೆಯಲ್ಲೇ ಒಪ್ಪಿಸಿ. ಉಳಿದ ಔಷಧವನ್ನು ಅವರು ಬರೆದು ಒಪ್ಪಿಕೊಂಡರೆ ಮಾತ್ರ, ಪಟ್ಟಿ ಸಮೇತ ಬಿಡಿ. ಅರ್ಧ ತೆರೆದ ಪೆಟ್ಟಿಗೆಗಳನ್ನು ವಾಪಸು ಹೊತ್ತು ತನ್ನಿ.